ಮಗನಿಗೆ ಆಟಿಸಂ ಅಂತ ಈಗಷ್ಟೇ ಗೊತ್ತಾಯ್ತು, ಸ್ಕೂಲಲ್ಲಿ ಏನು ಕೇಳ್ಬೇಕು, ಹೇಗೆ ಕೇಳ್ಬೇಕು?

ಕಾಗದದದೋಣಿ:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬರೀ ಓದ್ಕೊಂಡು ಹೋಗ್ತಿದ್ದೆ, ಇವತ್ತು ಧೈರ್ಯ ಮಾಡಿ ಬರೀತಿದೀನಿ. ನನ್ನ ಮಗನಿಗೆ ಆರು ವರ್ಷ, ಒಂದನೇ ಕ್ಲಾಸು. ಮೂರು ವಾರದ ಹಿಂದೆ ಆಟಿಸಂ ಅಂತ ರಿಪೋರ್ಟ್ ಕೈಗೆ ಬಂತು, ಹದಿನಾಲ್ಕು ಪೇಜಿದೆ, ಲೆವೆಲ್ 2 ಅಂತ ಬರೆದಿದಾರೆ. ಅವತ್ತಿಂದ ಅವನು ಮಲಗಿದ ಮೇಲೆ ಅದನ್ನೇ ತೆಗೆದು ಓದ್ತೀನಿ, ಓದಿದಷ್ಟೂ ಇದರಲ್ಲಿ ನನ್ನ ಮಗ ಎಲ್ಲಿದಾನೆ ಅಂತ ಹುಡುಕೋ ಹಾಗಾಗುತ್ತೆ.

ಅವನು ಮಾತಾಡ್ತಾನೆ. ಲಿಫ್ಟ್ ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದ್ರೆ ಅರ್ಧ ಗಂಟೆ ನಿಲ್ಲಿಸದೆ ಹೇಳ್ತಾನೆ. ಆದ್ರೆ ಗಾಬರಿ ಆದಾಗ ಬಾಯಿಂದ ಮಾತೇ ಹೊರಡಲ್ಲ, ಇಲ್ಲಾಂದ್ರೆ ನಾವು ಕೇಳಿದ ಪ್ರಶ್ನೆನೇ ತಿರುಗಿ ನಮಗೆ ಹೇಳ್ತಾನೆ. ಬೆಲ್ ಹೊಡೆದ್ರೆ ಕಿವಿ ಮುಚ್ಕೊಂಡು ಡೆಸ್ಕ್ ಕೆಳಗೆ ಹೋಗಿ ಕೂತ್ಕೋತಾನಂತೆ. ಡ್ರಾಯಿಂಗ್ ಮುಚ್ಚಿಟ್ಟು ಲೆಕ್ಕದ ಪುಸ್ತಕ ತೆಗಿ ಅಂದ್ರೆ ಅಲ್ಲೇ ಗಲಾಟೆ. ಡೈರಿ ತುಂಬಾ 'ಹಠ ಮಾಡ್ತಾನೆ', 'ಹೇಳಿದ ಮಾತು ಕೇಳಲ್ಲ' ಇದೇ ಇದೆ. ಇನ್ನೊಂದು ನನಗೆ ಅರ್ಥನೇ ಆಗದೇ ಇರೋದು ಏನಂದ್ರೆ, ಯಾವ ದಿನ ಟೀಚರ್ 'ಇವತ್ತು ತುಂಬಾ ಒಳ್ಳೆ ಹುಡುಗ' ಅಂತ ಬರೀತಾರೋ ಆ ದಿನಾನೇ ಮನೆಗೆ ಬಂದು ಶೂ ಬಿಚ್ಚೋಕೆ ಮುಂಚೆನೇ ನೆಲದ ಮೇಲೆ ಬಿದ್ದು ಮುಕ್ಕಾಲು ಗಂಟೆ ಅಳ್ತಾನೆ, ಬ್ಯಾಗ್ ಎಸೀತಾನೆ, ಹತ್ರ ಹೋದ್ರೆ ಹೊಡೀತಾನೆ. ಟೀಚರಿಗೆ ಹೇಳಿದ್ರೆ 'ಇಲ್ಲಿ ಹಾಗೆಲ್ಲ ಮಾಡಲ್ವಲ್ಲ, ಮನೇಲಿ ಸಲುಗೆ ಜಾಸ್ತಿ ಆಗಿರ್ಬೇಕು' ಅಂದ್ರು. ಅವತ್ತು ನಾನು ಏನೂ ಹೇಳದೆ ಬಂದ್ಬಿಟ್ಟೆ.

ಸ್ಕೂಲಿಗೆ ಇನ್ನೂ ರಿಪೋರ್ಟ್ ಕೊಟ್ಟಿಲ್ಲ. ಅತ್ತೆ ಮಾವ ಹೇಳಲೇಬೇಡ, ಒಂದ್ಸಲ ಹೆಸರು ಅಂಟಿದ್ರೆ ಹೋಗಲ್ಲ ಅಂತಾರೆ. ಗಂಡ ರಿಪೋರ್ಟ್ ಕೊಟ್ಬಿಡೋಣ, ಏನ್ ಮಾಡ್ಬೇಕು ಅಂತ ಅವರಿಗೆ ಗೊತ್ತಿರುತ್ತೆ ಅಂತಾರೆ. ನನಗೆ ಎರಡೂ ಸರಿ ಅನ್ಸುತ್ತೆ, ಎರಡೂ ಭಯ ಆಗುತ್ತೆ. ಮೀಟಿಂಗಿಗೆ ಹೋದ್ರೆ ಏನು ಕೇಳ್ಬೇಕು ಅಂತಾನೇ ಗೊತ್ತಿಲ್ಲ. ಶ್ಯಾಡೋ ಟೀಚರ್ (ಕ್ಲಾಸಲ್ಲಿ ಅವನ ಪಕ್ಕದಲ್ಲೇ ಕೂತು ಸಹಾಯ ಮಾಡೋರು) ಇಟ್ಕೊಳ್ಳಿ ಅಂತ ಒಬ್ರು ಹೇಳಿದ್ರು, ಅದು ಬೇಕಾ? ಬೇರೆ ಸ್ಪೆಷಲ್ ಸ್ಕೂಲಿಗೆ ಹಾಕಿ ಅಂದ್ಬಿಟ್ರೆ ಏನ್ ಮಾಡೋದು? ಈ ದಾರಿ ನಡೆದು ಬಂದವರು ದಯವಿಟ್ಟು ಹೇಳಿ.


ಅರಳಿಮರ:

ನೋಡಿ ತಂಗಿ, ನನ್ನ ಮಗಳಿಗೆ ಈಗ ಹದಿನೈದು, ಅವಳಿಗೆ ಐದು ವರ್ಷ ಇದ್ದಾಗ ನಾನೂ ಇದೇ ಥರ ರಾತ್ರಿಯೆಲ್ಲಾ ರಿಪೋರ್ಟ್ ಹಿಡ್ಕೊಂಡು ಕೂತಿದ್ದೆ. ಮೊದಲು ಒಂದು ಮಾತು, ಮೂರು ವಾರದ ಹಿಂದೆ ಇದ್ದ ಮಗುನೇ ಇವತ್ತೂ ಇರೋದು, ಅವನಲ್ಲಿ ಏನೂ ಬದಲಾಗಿಲ್ಲ. ಅವನನ್ನ ಅರ್ಥ ಮಾಡ್ಕೊಳ್ಳೋಕೆ ನಿಮಗೆ ಒಂದು ದಾರಿ ಸಿಕ್ಕಿದೆ ಅಷ್ಟೆ.

ಹೇಳ್ಬೇಕಾ ಬೇಡ್ವಾ ಅನ್ನೋದಕ್ಕೆ ನನ್ನ ಉತ್ತರ, ಹೇಳಿ. ಹೆಸರು ಆಗ್ಲೇ ಅಂಟಿದೆಯಲ್ಲ, 'ಹಠಮಾರಿ' ಅಂತ, 'ಮಾತು ಕೇಳದವನು' ಅಂತ, ನೀವೇ ಬರೆದಿದೀರಿ. ಆ ಹೆಸರಿಗಿಂತ ಆಟಿಸಂ ಅನ್ನೋ ಹೆಸರು ಎಷ್ಟೋ ವಾಸಿ, ಯಾಕಂದ್ರೆ ಹಠಮಾರಿಗೆ ಶಿಕ್ಷೆ ಕೊಡ್ತಾರೆ, ಆಟಿಸಂ ಇರೋ ಮಗುಗೆ ಏನು ಬೇಕು ಅಂತ ಕೇಳೋ ಸಾಧ್ಯತೆ ಆದ್ರೂ ಇರುತ್ತೆ.

ಆದ್ರೆ ನಿಮ್ಮ ಯಜಮಾನ್ರು ಹೇಳಿದ ಹಾಗೆ ರಿಪೋರ್ಟ್ ಕೊಟ್ಟು ಸುಮ್ನೆ ಕೂರಬೇಡಿ, ನಾನು ಮಾಡಿದ ದೊಡ್ಡ ತಪ್ಪು ಅದು. ಕೊಟ್ಟೆ, ಆಫೀಸಲ್ಲಿ ಫೈಲ್ ಮಾಡಿದ್ರು, ಎಂಟು ತಿಂಗಳು ಏನೂ ಆಗ್ಲಿಲ್ಲ, ಕ್ಲಾಸ್ ಟೀಚರ್ ಅದನ್ನ ನೋಡೇ ಇರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಅವರನ್ನೇ ದೂರೋಕೂ ಆಗಲ್ಲ, ಆ ರಿಪೋರ್ಟ್ ಬರೆದಿರೋದು ಡಾಕ್ಟರ್ ಭಾಷೇಲಿ. 'ಸಾಮಾಜಿಕ ಸಂವಹನದಲ್ಲಿ ಕೊರತೆ' ಅಂತ ಓದಿ ಒಬ್ಬ ಟೀಚರ್ ಸೋಮವಾರ ಬೆಳಿಗ್ಗೆ ಕ್ಲಾಸಲ್ಲಿ ಏನು ಮಾಡೋಕಾಗುತ್ತೆ? ಅದನ್ನ ಕ್ಲಾಸ್ ರೂಮಿನ ಭಾಷೆಗೆ ತರೋ ಕೆಲಸ ನಿಮ್ಮದು, ಯಾಕಂದ್ರೆ ಈ ಎರಡೂ ಕಡೆ ಗೊತ್ತಿರೋರು ನೀವೊಬ್ರೇ.

ಆ ಲೆವೆಲ್ ಬಗ್ಗೆನೂ ತಲೆ ಕೆಡಿಸ್ಕೋಬೇಡಿ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತಂದ ಡಿಎಸ್‌ಎಂ-5 ಅನ್ನೋ ರೋಗನಿರ್ಣಯದ ಕೈಪಿಡಿಯಲ್ಲಿ ಹಳೇ ಆಸ್ಪರ್ಗರ್ಸ್ ಅನ್ನೋ ಬೇರೆ ಹೆಸರನ್ನೆಲ್ಲ ತೆಗೆದು ಎಲ್ಲಾ ಒಂದೇ ಆಟಿಸಂ ಸ್ಪೆಕ್ಟ್ರಂ ಅಂತ ಮಾಡಿ ಒಂದು, ಎರಡು, ಮೂರು ಅಂತ ಲೆವೆಲ್ ಕೊಟ್ರು. ಅದು ಎಷ್ಟು ಸಪೋರ್ಟ್ ಬೇಕು ಅನ್ನೋದರ ಅಳತೆ, ಬುದ್ಧಿ ಎಷ್ಟಿದೆ ಅನ್ನೋದಲ್ಲ. ಸ್ಕೂಲಿನವರು ಅದನ್ನ ಮಾರ್ಕ್ಸ್ ಥರ ಓದ್ತಾರೆ, ಮೀಟಿಂಗಲ್ಲಿ ಮೊದಲೇ ಇದನ್ನ ಸ್ಪಷ್ಟ ಮಾಡ್ಬಿಡಿ.

ಈಗ ಕೆಲಸ. ಒಂದು ವಾರ ಒಂದು ನೋಟ್‌ಬುಕ್ ಇಡಿ. ಡೈರಿಯಲ್ಲಿ ಬಂದಿರೋ ಪ್ರತಿ ಕಂಪ್ಲೇಂಟಿಗೂ ಮೂರು ವಿಷಯ ಬರೀರಿ, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಅವನು ಏನು ಮಾಡಿದ, ಆಮೇಲೆ ಅವರು ಏನು ಮಾಡಿದ್ರು. ಮುಂಚೆ ಏನಾಗಿತ್ತು ಅಂತ ಟೀಚರನ್ನ ಕೇಳಿ, ಜಗಳ ಮಾಡೋ ಥರ ಅಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿ. ಹತ್ತು ಘಟನೆ ಬರೆಯೋ ಹೊತ್ತಿಗೆ ಅದೇ ಎರಡು ಮೂರು ಕಾರಣ ತಿರುಗಿ ತಿರುಗಿ ಬರೋದು ಕಾಣುತ್ತೆ. ನನ್ನ ಮಗಳದ್ದು ಹತ್ತರಲ್ಲಿ ಏಳು ಊಟದ ಬಿಡುವು ಆದ್ಮೇಲಿನ ಪೀರಿಯಡ್ಡಲ್ಲೇ ಇತ್ತು. ಎಲ್ಲರೂ ಲೆಕ್ಕ ಅಂದ್ರೆ ಆಗಲ್ಲ ಅಂದ್ಕೊಂಡಿದ್ವಿ, ಲೆಕ್ಕದ್ದು ತಪ್ಪೇ ಇರ್ಲಿಲ್ಲ, ಊಟದ ಹಾಲಿನ ಗದ್ದಲದಿಂದ ಬಂದು ಅವಳಿಗೆ ಸುಧಾರಿಸ್ಕೊಳ್ಳೋಕೆ ಸಮಯ ಸಿಗ್ತಿರ್ಲಿಲ್ಲ.

ಕೇಳೋದನ್ನ ಬಿಡಿಬಿಡಿಯಾಗಿ ಕೇಳಿ. 'ಅವನಿಗೆ ಶಬ್ದ ಆಗಲ್ಲ, ಸ್ವಲ್ಪ ನೋಡ್ಕೊಳ್ಳಿ' ಅಂದ್ರೆ ಆಯ್ತು ಅಂತಾರೆ, ಏನೂ ಆಗಲ್ಲ. ಅದರ ಬದಲು ಹೀಗೆ ಬರೀರಿ, 'ಬೆಲ್ ಹೊಡೆಯೋಕೆ ಎರಡು ನಿಮಿಷ ಮುಂಚೆ ಕ್ಲಾಸ್ ಟೀಚರ್ ಅವನ ಡೆಸ್ಕ್ ಮೇಲೆ ಬೆಲ್ ಚಿತ್ರ ಇರೋ ಕಾರ್ಡ್ ಇಡಬೇಕು. ಕಿವಿಗೆ ಹಾಕೋ ಹೆಡ್‌ಫೋನ್ ಬ್ಯಾಗಿನ ಮುಂದಿನ ಜೇಬಲ್ಲಿರುತ್ತೆ, ಅದನ್ನ ಹಾಕ್ಕೊಳ್ಳೋಕೆ ಅವನು ಪರ್ಮಿಷನ್ ಕೇಳಬೇಕಾಗಿಲ್ಲ.' ಯಾರು ಮಾಡ್ತಾರೆ, ಯಾವಾಗ ಮಾಡ್ತಾರೆ ಎರಡೂ ಅದರಲ್ಲಿದೆ ನೋಡಿ. ಒಂದು ತಿಂಗಳಾದ ಮೇಲೆ ಆಯ್ತಾ ಇಲ್ವಾ ಅಂತ ಕೇಳೋಕೂ ಬರುತ್ತೆ.


ಚಾಕ್‌ಪೀಸ್:

ನಾನು ಟೀಚರ್, ಹತ್ತೊಂಬತ್ತು ವರ್ಷದಿಂದ ಚಿಕ್ಕ ಮಕ್ಕಳಿಗೇ ಪಾಠ ಮಾಡ್ತಿರೋದು. ಮೊದಲು ಆ 'ಮನೇಲಿ ಸಲುಗೆ ಜಾಸ್ತಿ' ಅನ್ನೋ ಮಾತಿಗೆ ಹೇಳ್ತೀನಿ, ಯಾಕಂದ್ರೆ ಆ ಮಾತು ನಾನೂ ಒಂದು ಕಾಲದಲ್ಲಿ ಬೇರೆ ತಾಯಿಗೆ ಹೇಳಿದೀನಿ, ಇವತ್ತಿಗೂ ನೆನಪಾದ್ರೆ ಸಂಕಟ ಆಗುತ್ತೆ. ಮಗು ಇಡೀ ದಿನ ಮೈಯೆಲ್ಲಾ ಬಿಗಿ ಹಿಡ್ಕೊಂಡು ನಮ್ಮ ಮುಂದೆ ಸರಿಯಾಗಿ ಇರುತ್ತೆ, ಮನೆ ಬಾಗಿಲು ದಾಟಿದ ತಕ್ಷಣ ಆ ಹಿಡಿತ ಬಿಟ್ಟು ಹೋಗುತ್ತೆ. ಮನೆ ಅಂದ್ರೆ ಅವನಿಗೆ ಭಯ ಇಲ್ಲದ ಜಾಗ, ಅದಕ್ಕೇ ಅಲ್ಲಿ ಒಡೆಯೋದು. ಮನೆಯಲ್ಲಿ ಆಗೋ ಆ ಮುಕ್ಕಾಲು ಗಂಟೆ ಸ್ಕೂಲಿನ ಆರು ಗಂಟೆಯ ಲೆಕ್ಕ ಅಂತ ತಿಳ್ಕೊಳ್ಳಿ. ತಾರೀಖು ಹಾಕಿ ಬರೆದಿಡಿ, ಎಷ್ಟು ಹೊತ್ತು ಅಂತ ಬರೀರಿ, ಡೈರಿಯ 'ಒಳ್ಳೆ ಹುಡುಗ' ದಿನಗಳ ಜೊತೆ ಪಕ್ಕಪಕ್ಕ ಇಟ್ಟು ತೋರಿಸಿ. ಬಾಯಲ್ಲಿ ಹೇಳಿದ್ರೆ ವಾದ ಆಗುತ್ತೆ, ಹಾಳೆ ಮೇಲೆ ತೋರಿಸಿದ್ರೆ ನಾವೂ ಯೋಚನೆ ಮಾಡ್ತೀವಿ.

ಎರಡನೇದು, ಹದಿನಾಲ್ಕು ಪೇಜ್ ಓದೋಕೆ ನಮಗೆ ಟೈಮ್ ಇರಲ್ಲ, ಇದು ಸತ್ಯ. ರಿಪೋರ್ಟ್ ಪ್ರಿನ್ಸಿಪಾಲರಿಗೆ ಕೊಡಿ, ಕ್ಲಾಸ್ ಟೀಚರಿಗೆ ಒಂದೇ ಒಂದು ಹಾಳೆ ಕೊಡಿ. ಅದರಲ್ಲಿ ಅವನಿಗೆ ಏನು ಇಷ್ಟ (ಲಿಫ್ಟ್ ವಿಷಯ ಖಂಡಿತ ಬರೀರಿ, ನಾನಾಗಿದ್ರೆ ಮೊದಲ ದಿನಾನೇ ಲಿಫ್ಟಿನ ಮಹಡಿ ಇಟ್ಕೊಂಡು ಕೂಡೋದು ಕಳೆಯೋದು ಹೇಳಿಕೊಡ್ತಿದ್ದೆ), ಏನಾದ್ರೆ ಗಾಬರಿ ಆಗ್ತಾನೆ, ಗಾಬರಿ ಶುರು ಆಗೋಕೆ ಮುಂಚೆ ಏನು ಕಾಣುತ್ತೆ, ಆಗ ಏನು ಮಾಡ್ಬೇಕು, ಏನು ಮಾಡಲೇಬಾರದು, ಇಷ್ಟೇ. ಆ 'ಮುಂಚೆ ಏನು ಕಾಣುತ್ತೆ' ಅನ್ನೋದೇ ನಮಗೆ ಎಲ್ಲಕ್ಕಿಂತ ಉಪಯೋಗ. ಒಬ್ಬ ಹುಡುಗ ಶರ್ಟಿನ ಕಾಲರ್ ಕಚ್ಚೋಕೆ ಶುರು ಮಾಡಿದ್ರೆ ಇನ್ನು ಐದು ನಿಮಿಷ ಅಂತ ಅರ್ಥ ಅಂತ ಅವರಮ್ಮ ಬರೆದು ಕೊಟ್ಟಿದ್ರು, ಆ ಒಂದು ಸಾಲು ನನ್ನ ಇಡೀ ವರ್ಷ ಉಳಿಸ್ತು. ಆ ಹಾಳೆಯ ಕಾಪಿ ಪಿಟಿ ಸರ್, ಮ್ಯೂಸಿಕ್ ಟೀಚರ್, ಬಸ್ಸಿನವರು, ಆಯಾ, ಬದಲಿ ಟೀಚರ್ ಎಲ್ಲರಿಗೂ ಹೋಗಬೇಕು. ಜಾಸ್ತಿ ತೊಂದರೆ ಆಗೋದು ಕ್ಲಾಸ್ ಟೀಚರ್ ರಜಾ ಹಾಕಿದ ದಿನಾನೇ.

ಕ್ಲಾಸಲ್ಲಿ ನಿಜವಾಗ್ಲೂ ಕೆಲಸ ಮಾಡೋದು ಏನು ಅಂತ ನನ್ನ ಅನುಭವದಿಂದ ಹೇಳ್ತೀನಿ. ದಿನದ ಟೈಮ್‌ಟೇಬಲ್ ಚಿತ್ರದಲ್ಲಿ ಡೆಸ್ಕ್ ಮೇಲೆ ಅಂಟಿಸಿ, ಒಂದೊಂದು ಮುಗಿದ ಹಾಗೆ ಅವನೇ ತೆಗೆದು ಹಾಕ್ತಾ ಹೋಗಲಿ. 1972ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಅನ್ನೋ ಮನಶ್ಶಾಸ್ತ್ರಜ್ಞರು ಶುರು ಮಾಡಿದ, ಆಟಿಸಂ ಇರೋ ಮಕ್ಕಳಿಗೆ ಕಲಿಸೋ ಟೀಚ್ (TEACCH) ಅನ್ನೋ ಪದ್ಧತಿಯ ಮೂಲ ಇದೇ, ಬಾಯಲ್ಲಿ ಹೇಳಿದ ಮಾತು ಗಾಳೀಲಿ ಹೋಗುತ್ತೆ, ಕಣ್ಣಿಗೆ ಕಾಣೋದು ಅಲ್ಲೇ ಇರುತ್ತೆ. ನಿಮ್ಮ ಮಗನ ಡ್ರಾಯಿಂಗ್ ಗಲಾಟೆಗೆ ಇದೇ ಔಷಧಿ, ಜೊತೆಗೆ 'ಇನ್ನು ಐದು ನಿಮಿಷ', 'ಇನ್ನು ಎರಡು ನಿಮಿಷ' ಅಂತ ಮುಂಚೆ ಹೇಳೋದು, ಮುಗಿಯದ ಚಿತ್ರ ಇಡೋಕೆ ಒಂದು ಜಾಗ, ಮತ್ತೆ ಯಾವಾಗ ಅದನ್ನ ತೆಗೀಬಹುದು ಅಂತ ಹೇಳೋದು. ಮುಗಿಸದೆ ಇಡೋದು ಅವನಿಗೆ ದೊಡ್ಡ ಸಂಕಟ, ನಮಗೆ ಅದು ಬರೀ ಒಂದು ಚಿತ್ರ.

ಮಾತು ಕಮ್ಮಿ ಮಾಡಿ. ಮೊದಲು ಹೆಸರು ಕರೆದು, ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಆಮೇಲೆ ಮನಸ್ಸಲ್ಲೇ ಹತ್ತು ಎಣಿಸಿ. ನಾವು ಟೀಚರುಗಳು ಮೂರು ಎಣಿಸೋದರೊಳಗೆ ಇನ್ನೊಂದ್ಸಲ ಹೇಳಿಬಿಡ್ತೀವಿ, ಅದೂ ಬೇರೆ ಪದದಲ್ಲಿ, ಮಗು ಮೊದಲನೇದನ್ನ ಅರ್ಥ ಮಾಡ್ಕೊಳ್ತಿರೋವಾಗ ಎರಡನೇದು ಬಂದು ಬೀಳುತ್ತೆ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಬಲವಂತ ಬೇಡ. ಮಾತು ನಿಂತು ಹೋದಾಗ ತೋರಿಸೋಕೆ 'ನನಗೆ ಬ್ರೇಕ್ ಬೇಕು', 'ಶಬ್ದ ಜಾಸ್ತಿ', 'ಬಾತ್‌ರೂಮ್', 'ನೀರು' ಅಂತ ನಾಲ್ಕು ಚಿತ್ರದ ಕಾರ್ಡ್ ಕುತ್ತಿಗೆಗೋ ಪೆನ್ಸಿಲ್ ಬಾಕ್ಸಿಗೋ ಹಾಕಿಡಿ. ಕಾರ್ಡ್ ಕೊಟ್ರೆ ಮಾತಾಡೋದು ನಿಲ್ಲಿಸ್ತಾನೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಚಿತ್ರ ಬಳಸೋದರಿಂದ ಮಾತು ಹಿಂದೆ ಬೀಳಲ್ಲ.

ಒಂದು ಶರತ್ತು ಮಾತ್ರ ಬರೆಸಿಕೊಳ್ಳಿ. ಬ್ರೇಕ್ ಕಾರ್ಡ್ ತೋರಿಸಿದ್ರೆ ಪ್ರಶ್ನೆ ಕೇಳದೆ ಕಳಿಸಬೇಕು, 'ಈ ಲೆಕ್ಕ ಮುಗಿಸಿ ಹೋಗು' ಅನ್ನಬಾರದು, ಮತ್ತೆ ಶಿಕ್ಷೆ ಅಂತ ಬ್ರೇಕನ್ನೋ ಆಟದ ಪೀರಿಯಡ್ಡನ್ನೋ ಕಿತ್ಕೊಳ್ಳಬಾರದು. ಓಡಾಟ ಎಲ್ಲರಿಗಿಂತ ಜಾಸ್ತಿ ಬೇಕಾಗಿರೋ ಮಗುವಿಂದಲೇ ನಾವು ಅದನ್ನ ಕಿತ್ಕೊಳ್ಳೋದು.


ಎರಡುಚಕ್ರ:

ಟೀಚರ್ ಮೇಡಂ ಥರದವರು ಸಿಕ್ಕಿದ್ರೆ ಪುಣ್ಯ. ಎಲ್ಲರಿಗೂ ಸಿಗಲ್ಲ, ಅದಕ್ಕೆ ನಾನು ಇನ್ನೊಂದು ಕಡೆಯದ್ದು ಹೇಳ್ತೀನಿ, ಹೆದರಿಸೋಕಲ್ಲ.

ನನ್ನ ಮಗನ ಮೊದಲ ಸ್ಕೂಲಲ್ಲಿ ಎಲ್ಲಾ ಮಾತಲ್ಲೇ ಆಯ್ತು. ಪ್ರಿನ್ಸಿಪಾಲ್ ತುಂಬಾ ಪ್ರೀತಿಯಿಂದ ಮಾತಾಡಿದ್ರು, 'ಸ್ವಲ್ಪ ದಿನ ಮಧ್ಯಾಹ್ನದವರೆಗೆ ಮಾತ್ರ ಕಳಿಸಿ, ಹೊಂದ್ಕೊಂಡ ಮೇಲೆ ಪೂರ್ತಿ ದಿನ' ಅಂದ್ರು. ಹೂಂ ಅಂದೆ. ಆ ಸ್ವಲ್ಪ ದಿನ ಹದಿಮೂರು ತಿಂಗಳಾಯ್ತು. ನನ್ನ ಹೆಂಡತಿ ಕೆಲಸ ಬಿಟ್ಳು. ಯಾವಾಗ ಕೇಳಿದ್ರೂ 'ಇನ್ನೂ ರೆಡಿ ಇಲ್ಲ' ಅನ್ನೋದು, ರೆಡಿ ಅಂದ್ರೆ ಏನು ಅಂತ ಯಾರೂ ಹೇಳಲ್ಲ, ಕೈಯಲ್ಲಿ ಒಂದು ಕಾಗದ ಇಲ್ಲ. ಅದಕ್ಕೇ ಹೇಳೋದು, ಗಂಟೆ ಕಡಿಮೆ ಮಾಡ್ತೀವಿ, ಬೇರೆ ರೂಮಲ್ಲಿ ಕೂರಿಸ್ತೀವಿ, ಟ್ರಿಪ್ಪಿಗೆ ಬೇಡ ಅಂತ ಏನೇ ಹೇಳಿದ್ರೂ ಕಾರಣ ಏನು, ಯಾವ ತಾರೀಖಿನವರೆಗೆ, ವಾಪಸ್ ಪೂರ್ತಿ ದಿನಕ್ಕೆ ಬರೋಕೆ ಸ್ಕೂಲು ಏನು ಮಾಡುತ್ತೆ ಅಂತ ಬರವಣಿಗೆಯಲ್ಲಿ ಕೇಳಿ. ಕೊಡದೇ ಇದ್ರೆ ಮೀಟಿಂಗ್ ಮುಗಿದ ದಿನಾನೇ ನೀವೇ ಇಮೇಲ್ ಹಾಕಿ, 'ಇವತ್ತು ಮಾತಾಡಿದ್ದು ಇದು, ಒಪ್ಪಿದ್ದು ಇದು, ನಾನು ತಪ್ಪಾಗಿ ಅರ್ಥ ಮಾಡ್ಕೊಂಡಿದ್ರೆ ತಿಳಿಸಿ' ಅಂತ. ಸಿಟ್ಟು ಬೇಡ, ಎರಡೇ ಸಾಲು ಸಾಕು.

ಕಾನೂನು ಒಂದೊಂದು ಕಡೆ ಒಂದೊಂದು ಥರ, ನಿಮ್ಮ ಕಡೆಯದ್ದು ಏನು ಅಂತ ಮೀಟಿಂಗಿಗೆ ಮುಂಚೆ ಓದ್ಕೊಳ್ಳಿ. ಆದ್ರೆ ಎಲ್ಲದರ ಹಿಂದೆ 2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಇದೆ, ಜಗತ್ತಿನ ಬಹುಪಾಲು ದೇಶಗಳು ಒಪ್ಪಿರೋದು. ಅದರ 24ನೇ ವಿಧಿ ಶಿಕ್ಷಣದ್ದು. ಮಗುವಿನ ಅಗತ್ಯಕ್ಕೆ ತಕ್ಕ ಸೂಕ್ತ ಹೊಂದಾಣಿಕೆ ಮಾಡ್ಕೊಡಬೇಕು ಅನ್ನುತ್ತೆ, ಆ ಹೊಂದಾಣಿಕೆ ನಿರಾಕರಿಸೋದೇ ತಾರತಮ್ಯ ಅಂತ 2ನೇ ವಿಧಿಯಲ್ಲಿ ಹೇಳಿದೆ. ಮೊದಲ ಮೀಟಿಂಗಲ್ಲೇ ಇದನ್ನ ಎತ್ತಬೇಡಿ. ಆದ್ರೆ ಗೊತ್ತಿದ್ರೆ ನಿಮ್ಮ ಕೂರೋ ರೀತಿನೇ ಬೇರೆ ಇರುತ್ತೆ, ಬೇಡ್ಕೊಳ್ಳೋಕೆ ಬಂದಿಲ್ಲ ಅನ್ನೋದು ನಿಮಗೇ ಗೊತ್ತಿರುತ್ತೆ.

ಶ್ಯಾಡೋ ಟೀಚರ್ ಬಗ್ಗೆ, ನಾವು ಇಟ್ಟಿದ್ವಿ. ಮೊದಲ ಎರಡು ತಿಂಗಳು ತುಂಬಾ ಅನುಕೂಲ ಆಯ್ತು, ಆಮೇಲೆ ಗೊತ್ತಾಗಿದ್ದು ಏನಂದ್ರೆ ಕ್ಲಾಸ್ ಟೀಚರ್ ನನ್ನ ಮಗನ ಜೊತೆ ಮಾತಾಡೋದೇ ನಿಲ್ಲಿಸಿದ್ರು, ಏನಿದ್ರೂ ಶ್ಯಾಡೋಗೇ ಹೇಳೋದು, ಬೇರೆ ಮಕ್ಕಳೂ ಪಕ್ಕದಲ್ಲಿ ದೊಡ್ಡವರು ಇದಾರೆ ಅಂತ ಹತ್ರ ಬರ್ತಿರ್ಲಿಲ್ಲ. 1997ರಲ್ಲೇ ಮೈಕಲ್ ಜಿಯಾಂಗ್ರೆಕೊ ಅನ್ನೋ ಸಂಶೋಧಕರು, ಅವರ ಜೊತೆಯವರು ಇದನ್ನ ಬರೆದಿದಾರೆ, ಸಹಾಯಕರು ಸದಾ ಅಂಟ್ಕೊಂಡೇ ಇದ್ರೆ ಟೀಚರ್ ಜವಾಬ್ದಾರಿ ಬಿಡ್ತಾರೆ, ಮಗು ಗೆಳೆಯರಿಂದ ದೂರ ಆಗುತ್ತೆ ಅಂತ. ಬೇಡ ಅಂತ ಹೇಳ್ತಿಲ್ಲ, ಕೆಲವು ಮಕ್ಕಳಿಗೆ ಅದಿಲ್ಲದೆ ಆಗಲ್ಲ. ಆದ್ರೆ ಯಾವ ಹೊತ್ತಿಗೆ ಬೇಕು, ಯಾವಾಗ ಹಿಂದೆ ಸರೀಬೇಕು ಅಂತ ಪ್ಲಾನಲ್ಲಿ ಇರ್ಲಿ. ನಿಮ್ಮ ಮಗನಿಗೆ ಮೊದಲು ಮೇಡಂ ಹೇಳಿದ್ದೆಲ್ಲ ಮಾಡಿ ನೋಡಿ ಆಮೇಲೆ ಯೋಚಿಸಿ ಅನ್ನೋದು ನನ್ನ ಅಭಿಪ್ರಾಯ.


ಅರಳಿಮರ:

ಸ್ಪೆಷಲ್ ಸ್ಕೂಲಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅದು ಸೋಲು ಅಲ್ಲ, ಕೆಲವು ಮಕ್ಕಳು ಅಲ್ಲಿ ಅರಳಿದ್ದನ್ನ ನೋಡಿದೀನಿ. ಆದ್ರೆ ಆ ನಿರ್ಧಾರ ಇಲ್ಲಿ ಎಲ್ಲಾ ಮಾಡಿ ನೋಡಿದ ಮೇಲೆ ಬರ್ಬೇಕು, ಏನೂ ಮಾಡದೆ 'ನಮ್ಮಲ್ಲಿ ಆಗಲ್ಲ' ಅಂದ್ರೆ 'ಇದುವರೆಗೂ ಏನೇನು ಪ್ರಯತ್ನ ಮಾಡಿದೀರಿ' ಅಂತ ಕೇಳಿ. ಮೆತ್ತಗೇ ಕೇಳಿ, ಕೇಳಿ ಸುಮ್ನೆ ಕಾಯಿರಿ.


ಕಿಟಕಿಪಕ್ಕ:

ನನಗೆ ಮೂವತ್ತನಾಲ್ಕು ವರ್ಷ, ಆಟಿಸಂ ಅಂತ ಗೊತ್ತಾಗಿದ್ದು ಇಪ್ಪತ್ತೊಂಬತ್ತಕ್ಕೆ. ಎಲ್ಲರೂ ತಂದೆ ತಾಯಿ ಟೀಚರ್ ಜಾಗದಿಂದ ಹೇಳಿದಾರೆ, ನಾನು ನಿಮ್ಮ ಮಗನ ಜಾಗದಿಂದ ಹೇಳೋಕೆ ಪ್ರಯತ್ನ ಮಾಡ್ತೀನಿ. ಅವನ ಮನಸ್ಸಲ್ಲಿರೋದು ನನಗೆ ಗೊತ್ತು ಅಂತಲ್ಲ, ಪ್ರತಿಯೊಬ್ಬರೂ ಬೇರೆ ಬೇರೆ.

ನಾನು ಸ್ಕೂಲಲ್ಲಿ 'ಒಳ್ಳೆ ಹುಡುಗ'. ಒಂದು ದಿನಾನೂ ಗಲಾಟೆ ಮಾಡಿಲ್ಲ. ಕೈ ಆಡಿಸೋ ಅಭ್ಯಾಸ ಇತ್ತು, ಬೈದ್ರು ಅಂತ ಡೆಸ್ಕ್ ಕೆಳಗೆ ಬೆರಳು ಒತ್ಕೊಳ್ಳೋದು ಕಲಿತೆ, ಅದೂ ಕಾಣುತ್ತೆ ಅಂತ ಶೂ ಒಳಗೆ ಕಾಲ್ಬೆರಳು ಮಡಿಸೋದು ಕಲಿತೆ. ಪಾಠ ನಡೀತಿರೋವಾಗ ನನ್ನ ತಲೆ ತುಂಬಾ ಇದೇ ಕೆಲಸ, ಮುಖ ಸರಿ ಇದೆಯಾ, ಕೈ ಸುಮ್ನಿದೆಯಾ, ಈಗ ನಗಬೇಕಾ ಅಂತ. ಪಾಠ ಕೇಳೋಕೆ ಎಲ್ಲಿಂದ ಜಾಗ ಬರುತ್ತೆ? ಇದಕ್ಕೆ ಮಾಸ್ಕಿಂಗ್ ಅಂತ ಒಂದು ಹೆಸರಿದೆ ಅಂತ ಇಪ್ಪತ್ತು ವರ್ಷ ಆದ್ಮೇಲೆ ಗೊತ್ತಾಯ್ತು. ಹಾಗಾಗಿ ನೀವು ಸ್ಕೂಲಿನ ಜೊತೆ ಗುರಿ ಬರೀವಾಗ (ಐಇಪಿ ಅಂತಾರಲ್ಲ, ಆ ಒಂದು ಮಗುಗೋಸ್ಕರಾನೇ ಬರೆಯೋ ಕಲಿಕೆಯ ಪ್ಲಾನಲ್ಲಿ) 'ಸುಮ್ಮನೆ ಕೂರಬೇಕು', 'ಕೈ ಆಡಿಸಬಾರದು', 'ಕಣ್ಣು ನೋಡಿ ಮಾತಾಡಬೇಕು' ಅನ್ನೋ ಗುರಿಗಳನ್ನ ದಯವಿಟ್ಟು ಒಪ್ಪಬೇಡಿ. ಸ್ಟಾರ್ ಸ್ಟಿಕ್ಕರ್ ಕೊಟ್ಟು ಮಾಡಿಸಿದ್ರೂ ಅಷ್ಟೆ. 'ಬ್ರೇಕ್ ಬೇಕು ಅಂತ ತಾನೇ ಕೇಳೋದು', 'ಅರ್ಥ ಆಗ್ಲಿಲ್ಲ ಅಂತ ಹೇಳೋದು' ಇವು ಗುರಿ. ಇವು ನನಗೆ ಇವತ್ತಿಗೂ ಕಷ್ಟ, ಆರು ವರ್ಷಕ್ಕೆ ಯಾರಾದ್ರೂ ಹೇಳಿಕೊಟ್ಟಿದ್ರೆ ಅಂತ ಎಷ್ಟೋ ಸಲ ಅನ್ಸುತ್ತೆ.

ಕೇಳಿದ ಪ್ರಶ್ನೆನೇ ತಿರುಗಿ ಹೇಳ್ತಾನೆ ಅಂದ್ರಲ್ಲ, ಅದು ಅಣಕಿಸೋದಲ್ಲ ಅಂತ ಟೀಚರಿಗೆ ಸ್ಪಷ್ಟವಾಗಿ ಹೇಳಿ. ಎಕೋಲಾಲಿಯಾ ಅಂತಾರೆ, ಮೊದಲು ಅದನ್ನ ಅರ್ಥ ಇಲ್ಲದ ಗಿಣಿಪಾಠ ಅಂದ್ಕೊಂಡಿದ್ರು, 1980ರ ದಶಕದಲ್ಲಿ ಬ್ಯಾರಿ ಪ್ರಿಜಾಂಟ್ ಅಂಥ ಮಾತು-ಭಾಷೆಯ ತಜ್ಞರು ಅದರಲ್ಲಿ ಉದ್ದೇಶ ಇದೆ ಅಂತ ತೋರಿಸಿದ್ರು. ಹೂಂ ಅಂತ ಹೇಳೋಕೆ, ಟೈಮ್ ತಗೊಳ್ಳೋಕೆ, ನೀನು ಹೇಳಿದ್ದು ಕೇಳಿಸ್ತು ಅಂತ ಹೇಳೋಕೆ ಅದು ದಾರಿ. ಹೋದ ತಿಂಗಳು ಆಫೀಸಲ್ಲಿ ತುಂಬಾ ಸುಸ್ತಾದ ದಿನ ನಾನೂ ಹಾಗೇ ಮಾಡಿದೆ.

ಮೆಲ್ಟ್‌ಡೌನ್ (ತಡ್ಕೊಳ್ಳೋಕಾಗದೆ ಪೂರ್ತಿ ಒಡೆದು ಹೋಗೋದು) ಆದಾಗ ಹಿಡ್ಕೊಳ್ಳೋದು, ಎಳ್ಕೊಂಡು ಹೋಗೋದು, ಸುತ್ತ ನಿಂತು ಎಲ್ಲರೂ ಮಾತಾಡೋದು ಬೇಡ ಅಂತ ಬರೆಸಿ. ಆಗ ಮಾತು ಕೇಳಿಸುತ್ತೆ, ಒಳಗೆ ಹೋಗಲ್ಲ. ಹಠ ಆದ್ರೆ ಬೇಕಾದ್ದು ಸಿಕ್ಕಿದ ತಕ್ಷಣ ನಿಲ್ಲುತ್ತೆ, ಇದು ಹಾಗಲ್ಲ, ತುಂಬಿದ್ದು ಖಾಲಿ ಆಗೋವರೆಗೂ ನಿಲ್ಲಲ್ಲ. ಲೈಟ್ ಕಮ್ಮಿ ಮಾಡಿ, ಬೇರೆ ಮಕ್ಕಳನ್ನ ಕಳಿಸಿ, ಒಬ್ಬರೇ ಸ್ವಲ್ಪ ದೂರದಲ್ಲಿ ಕೂತಿರಲಿ. ಮುಗಿದ ಮೇಲೆ ತಕ್ಷಣ 'ಯಾಕೆ ಹಾಗ್ ಮಾಡ್ದೆ' ಅಂತ ಕೇಳಬಾರದು, ಅವನಿಗೂ ಗೊತ್ತಿರಲ್ಲ, ನಾಚಿಕೆ ಮಾತ್ರ ಇರುತ್ತೆ.

ಮತ್ತೆ ಇನ್ನೊಂದು ಚಿಕ್ಕ ವಿಷಯ ಆದ್ರೆ ನನಗೆ ದೊಡ್ಡದು. ಬಾಯಾರಿಕೆ, ಬಾತ್‌ರೂಮಿಗೆ ಹೋಗ್ಬೇಕು ಅನ್ನೋದು ನನಗೆ ತಡವಾಗಿ ಗೊತ್ತಾಗುತ್ತೆ, ಗೊತ್ತಾಗೋ ಹೊತ್ತಿಗೆ ತುರ್ತು ಆಗಿರುತ್ತೆ. ನಿಮ್ಮ ಮಗನಿಗೂ ಹೀಗೇ ಇದೆಯಾ ನೋಡಿ, ಇದ್ರೆ ನೀರು ಕುಡಿಯೋದನ್ನ, ಬಾತ್‌ರೂಮನ್ನ ಆ ಚಿತ್ರದ ಟೈಮ್‌ಟೇಬಲ್ಲಿಗೇ ಸೇರಿಸಿ. ನೀರೇ ಕುಡೀದೆ ಮಧ್ಯಾಹ್ನದ ಹೊತ್ತಿಗೆ ತಲೆನೋವು ಬಂದು ಕೂತಿರ್ತಿದ್ದೆ, ಸೋಮಾರಿ ಅಂತಿದ್ರು.

ಅವನಿಗೂ ಹೇಳಿ, ಅವನ ವಯಸ್ಸಿಗೆ ಅರ್ಥ ಆಗೋ ಹಾಗೆ. ಕ್ಲಾಸಿನ ಮಕ್ಕಳಿಗೆ ಹೇಳೋಕೆ ಮುಂಚೆ ಅವನಿಗೆ ಗೊತ್ತಿರ್ಬೇಕು, ಅವನ ಒಪ್ಪಿಗೆ ಇರ್ಬೇಕು.


ಕಾಗದದದೋಣಿ:

ಇದನ್ನೆಲ್ಲ ಎರಡು ಸಲ ಓದಿದೆ. ಕಿಟಕಿಪಕ್ಕ ಅವರೇ, ಶೂ ಒಳಗೆ ಕಾಲ್ಬೆರಳು ಮಡಿಸೋದು ಓದಿ ಎದ್ದು ಹೋಗಿ ಮಗನ ಶೂ ನೋಡಿದೆ, ಎರಡರಲ್ಲೂ ಮುಂದೆ ಒಳಗಡೆ ಸವೆದು ಹಳ್ಳ ಬಿದ್ದಿದೆ. ಬೆಳೀತಿದಾನೆ, ಶೂ ಚಿಕ್ಕದಾಗಿದೆ ಅಂದ್ಕೊಂಡಿದ್ದೆ. ಕಾರಣ ಇದೇ ಅಂತ ಗೊತ್ತಿಲ್ಲ, ಆದ್ರೆ ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ನೋಟ್‌ಬುಕ್ ಇವತ್ತಿಂದ ಶುರು. ಮೀಟಿಂಗ್ ಆದ್ಮೇಲೆ ಬಂದು ಬರೀತೀನಿ.


ಕಾಗದದದೋಣಿ:

ನಾಲ್ಕು ವಾರ ಆಯ್ತು, ಹೇಳಿದ ಹಾಗೆ ಬಂದಿದೀನಿ.

ನೋಟ್‌ಬುಕ್ಕಲ್ಲಿ ಹನ್ನೆರಡು ಘಟನೆ ಬಂತು, ಎಂಟು ಬೆಲ್ಲಿಗೋ ಅಥವಾ ಮಧ್ಯದಲ್ಲಿ ನಿಲ್ಲಿಸಿದ್ದಕ್ಕೋ ಸೇರಿದ್ದು. ಮೀಟಿಂಗಿಗೆ ಗಂಡನೂ ಬಂದ್ರು. ಪ್ರಿನ್ಸಿಪಾಲ್ ಮೊದಲೇ 'ಲೆವೆಲ್ 2 ಅಂದ್ರೆ ನಮ್ಮ ಸಿಲಬಸ್ ಅವನಿಗೆ ಆಗುತ್ತಾ' ಅಂತ ಕೇಳಿದ್ರು, ಅರಳಿಮರ ಅಕ್ಕ ಹೇಳಿದ್ದನ್ನೇ ಹೇಳಿದೆ. ಒಂದು ಹಾಳೆ ಕೊಟ್ಟೆ. ಐದು ವಿಷಯ ಕೇಳಿದೆ, ಮೂರು ಒಪ್ಪಿದ್ರು, ಬೆಲ್ ಕಾರ್ಡ್, ಚಿತ್ರದ ಟೈಮ್‌ಟೇಬಲ್, ಬ್ರೇಕ್ ಕಾರ್ಡ್. ಬ್ರೇಕಿಗೆ ಲೈಬ್ರರಿಯ ಮೂಲೆ ಕೊಟ್ಟಿದಾರೆ. ಬೆಳಿಗ್ಗೆ ಪ್ರಾರ್ಥನೆಗೆ ಸಾಲಲ್ಲಿ ಕೊನೆಗೆ ನಿಲ್ಲಿಸೋದಕ್ಕೆ ನೋಡೋಣ ಅಂದ್ರು. ಊಟದ ಹೊತ್ತಿಗೆ ಬೇರೆ ಜಾಗ ಕೊಡೋಕೆ ಆಗಲ್ಲ ಅಂದ್ರು, ನೋಡ್ಕೊಳ್ಳೋಕೆ ಜನ ಇಲ್ವಂತೆ. ಅವತ್ತು ಸಂಜೆನೇ ಇಮೇಲ್ ಹಾಕಿದೆ, 'ಸರಿ' ಅಂತ ಒಂದು ಪದದ ಉತ್ತರ ಬಂತು, ಅದನ್ನೂ ಇಟ್ಕೊಂಡಿದೀನಿ. ಮುಂದಿನ ಮೀಟಿಂಗಿಗೆ ತಾರೀಖು ಹಾಕಿಸಿದೀವಿ.

ಎರಡನೇ ವಾರ ಬದಲಿ ಟೀಚರ್ ಬಂದ ದಿನ ಎಲ್ಲಾ ಕೆಟ್ಟು ಹೋಯ್ತು, ಹಾಳೆ ಅವರ ಕೈಗೆ ಹೋಗಿರ್ಲಿಲ್ಲ, ಕಾರ್ಡ್ ತೋರಿಸಿದ್ರೆ 'ಇದೇನು ಆಟ' ಅಂತ ತೆಗೆದಿಟ್ಕೊಂಡ್ರಂತೆ. ಆಮೇಲೆ ಮೂರು ದಿನ ಅವನು ಕಾರ್ಡ್ ಮುಟ್ಟಲೇ ಇಲ್ಲ. ಕ್ಲಾಸ್ ಟೀಚರಿಗೆ ಹೇಳಿದಾಗ ಅವರಿಗೇ ತುಂಬಾ ಬೇಜಾರಾಯ್ತು, ಈಗ ಹಾಳೆಯನ್ನ ಅಟೆಂಡೆನ್ಸ್ ಪುಸ್ತಕದ ಒಳ ರಟ್ಟಿಗೆ ಅಂಟಿಸಿದಾರೆ. ಹೋದ ಗುರುವಾರ ಅವನು ತಾನಾಗೇ ಕಾರ್ಡ್ ತೋರಿಸಿ ಲೈಬ್ರರಿಗೆ ಹೋಗಿ ಆರು ನಿಮಿಷ ಇದ್ದು ವಾಪಸ್ ಬಂದ ಅಂತ ಡೈರಿಯಲ್ಲಿ ಬರೆದಿದ್ರು. ಅವತ್ತು ಮನೆಗೆ ಬಂದವನು ಶೂ ಬಿಚ್ಚಿಟ್ಟ. ಅತ್ತ ಆಮೇಲೆ, ಆದ್ರೆ ಹತ್ತು ನಿಮಿಷ.

ಅತ್ತೆಗೆ ಆ ಡೈರಿ ಓದಿ ಹೇಳಿದೆ. ಏನೂ ಅನ್ಲಿಲ್ಲ, ಇನ್ನೊಂದ್ಸಲ ಓದು ಅಂದ್ರು.

ಈಗ ಊಟದ ಹಾಲಿನದ್ದು ಹೇಗೆ ಕೇಳೋದು ಅಂತ ಹೇಳಿ, ಬುಧವಾರ ಬಿಟ್ಟು ಮುಂದಿನ ಬುಧವಾರ ಮೀಟಿಂಗ್.


ಚಾಕ್‌ಪೀಸ್:

ಅಟೆಂಡೆನ್ಸ್ ಪುಸ್ತಕಕ್ಕೆ ಅಂಟಿಸೋದು ನನಗೂ ಹೊಳೆದಿರ್ಲಿಲ್ಲ, ನಾಳೆನೇ ಮಾಡ್ತೀನಿ. ಊಟದ್ದಕ್ಕೆ ಬೇರೆ ರೂಮ್ ಅಂತ ಕೇಳಿದ್ರೆ ಜನ ಇಲ್ಲ ಅಂತಾನೇ ಉತ್ತರ ಬರೋದು. ಎಲ್ಲರಿಗಿಂತ ಐದು ನಿಮಿಷ ಮುಂಚೆ ಅವನನ್ನ, ಅವನಿಗೆ ಇಷ್ಟ ಆಗೋ ಒಬ್ಬ ಗೆಳೆಯನನ್ನ ಕಳಿಸಿ ಗೋಡೆ ಪಕ್ಕದ ಕೊನೇ ಜಾಗದಲ್ಲಿ ಕೂರಿಸೋಕೆ ಆಗುತ್ತಾ ಅಂತ ಕೇಳಿ. ಗದ್ದಲ ತುಂಬೋ ಹೊತ್ತಿಗೆ ಅವನದ್ದು ಅರ್ಧ ಊಟ ಆಗಿರುತ್ತೆ, ಹೆಡ್‌ಫೋನ್ ಜೊತೇಲಿರ್ಲಿ. ಆ ಗೆಳೆಯ ಯಾರು ಅಂತ ನೀವು ಹೇಳಬೇಡಿ, ಅವನನ್ನೇ ಕೇಳಿ.